ಒಂದೇ ಹಂದರದ ಎರಡನೇ ಮದುವೆ: ಒಂದು ಪ್ರಕರಣ ಅಧ್ಯಯನ

ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರ ಕಾರ್ಯಕರ್ತೆಯರ ಜೊತೆ ಕುಳಿತು ಚರ್ಚಿಸಲೆಂದು ಈ ಪ್ರಕರಣವನ್ನು ಬರೆದಿದ್ದೇನೆ. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ರಾಯಚೂರು ಸೀಮೆಯ ಒಣಬೇಸಾಯದ ಹಳ್ಳಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದು ಮನೆಯೊಳಗೆ, 2025ರ ಬೇಸಿಗೆಯೊಳಗೆ ತಂದು ಕೂಡಿಸಿದ್ದೇನೆ. ಹಾಗಾಗಿ ಊರಿಗೂ ಸಂಸ್ಥೆಗೂ ಮನುಷ್ಯರಿಗೂ ಹೆಸರಿಲ್ಲ. ಕಾನೂನಿನ ಕಲಮುಗಳು ಮತ್ತು ಸಮೀಕ್ಷೆಯ ಅಂಕಿಗಳು ಮಾತ್ರ ಇದ್ದದ್ದು ಇದ್ದಂತೆಯೇ ಇವೆ.

ಮನೆ

ಊರು ಕೃಷ್ಣೆ ಮತ್ತು ತುಂಗಭದ್ರೆಯರ ನಡುವೆ ಇದ್ದರೂ ಕಾಲುವೆಯ ನೀರು ಅಲ್ಲಿಗೆ ಮುಟ್ಟಿಲ್ಲ. ಮನೆಯವರಿಗೆ ಎರಡು ಎಕರೆ ಹೊಲವಿದೆ. ಮಳೆ ಬಂದ ವರ್ಷ ತೊಗರಿ, ಇಲ್ಲದ ವರ್ಷ ಬರೀ ನೆಲ. ಮುಂಗಾರಿನ ಕೆಲಸ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಮೇಸ್ತ್ರಿಯಿಂದ ಮುಂಗಡ ಪಡೆದು ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಉಳಿಯುತ್ತಾರೆ, ಯುಗಾದಿಯ ಹೊತ್ತಿಗೆ ಮರಳುತ್ತಾರೆ. ನಾಲ್ವರು ಮಕ್ಕಳಲ್ಲಿ ಹಿರಿಯ ಮಗಳಿಗೆ ಹತ್ತೊಂಬತ್ತು ತುಂಬಿದೆ. ಎರಡನೆಯವಳು ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಿದ್ದಳು. ಕೆಳಗಿನ ಇಬ್ಬರು ಗಂಡುಮಕ್ಕಳು ಪ್ರಾಥಮಿಕ ಶಾಲೆಯಲ್ಲಿದ್ದಾರೆ. ಗುಳೆಯ ತಿಂಗಳುಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು ಅಜ್ಜಿ; ಆಕೆ ಕಳೆದ ದೀಪಾವಳಿಯಿಂದ ಹಾಸಿಗೆ ಹಿಡಿದಿದ್ದಳು. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಮುಂದಿನದಕ್ಕೆಲ್ಲ ಬಡತನಕ್ಕಿಂತ ಹತ್ತಿರದ ಕಾರಣ ಇದೇ.

ಏಪ್ರಿಲ್ 30ರಂದು ಬಸವ ಜಯಂತಿ, ಅಕ್ಷಯ ತೃತೀಯ. ಅಂದು ಹಿರಿಯ ಮಗಳ ಮದುವೆ ನಿಶ್ಚಯವಾಗಿತ್ತು. ಅಚ್ಚಾಗಿ ಬಂದ ಲಗ್ನಪತ್ರಿಕೆಯಲ್ಲಿ ಅವಳೊಬ್ಬಳದೇ ಹೆಸರಿತ್ತು. ಆದರೆ ಅದೇ ಹಂದರದಲ್ಲಿ, ಅದೇ ಅಡುಗೆಯಲ್ಲಿ, ಕಿರಿಯಳನ್ನೂ ತಾಯಿಯ ತಮ್ಮನಿಗೆ ಕೊಟ್ಟು ಅಕ್ಕಿಕಾಳು ಹಾಕಿಸಿಬಿಡುವುದೆಂದು ಮನೆಯೊಳಗೆ ಮಾತಾಗಿತ್ತು. ವರನಿಗೆ ಇಪ್ಪತ್ತನಾಲ್ಕು ವರ್ಷ. ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ, ಕುಡಿಯುವುದಿಲ್ಲ, ಅಕ್ಕನ ಮಕ್ಕಳಿಗೆ ಪ್ರತಿ ಹಬ್ಬಕ್ಕೂ ಬಟ್ಟೆ ತರುತ್ತಾನೆ. ಸೋದರಮಾವನಿಗೆ ಕೊಡುವುದು ಆ ಕಡೆ ಹೊಸದೂ ಅಲ್ಲ, ನಾಚಿಕೆಯದೂ ಅಲ್ಲ. ಇಂಥ ಪ್ರಕರಣಗಳನ್ನು ಬರೆಯುವಾಗ ವರನನ್ನು ಮುದುಕನನ್ನಾಗಿಯೋ ಕುಡುಕನನ್ನಾಗಿಯೋ ಚಿತ್ರಿಸುವ ರೂಢಿಯೊಂದಿದೆ. ಹಾಗೆ ಬರೆದರೆ ಪ್ರಶ್ನೆ ಹಗುರವಾಗುತ್ತದೆ, ಆದ್ದರಿಂದ ಈ ವಿವರವನ್ನು ಬೇಕೆಂದೇ ಹೇಳಿದ್ದೇನೆ.

ಹುಡುಗಿ ಹೇಳಿದ್ದು

ಕಾರ್ಯಕರ್ತೆ ಪಕ್ಕದ ಊರಿನವರು, ಮೂವತ್ತೊಂದು ವರ್ಷದವರು. ಅವರ ಸಂಸ್ಥೆ ಆ ಊರಿನಲ್ಲಿ ಆರು ವರ್ಷಗಳಿಂದ ಎರಡು ಕೆಲಸ ಮಾಡುತ್ತಿತ್ತು: ಹೆಣ್ಣುಮಕ್ಕಳಿಗೆ ಸಂಜೆಯ ಪಾಠ, ತಾಯಂದಿರಿಗೆ ಉಳಿತಾಯ ಸಂಘ. ಎರಡಕ್ಕೂ ಅವರೊಬ್ಬರೇ.

ಏಪ್ರಿಲ್ 17ರಂದು ಪಾಠದ ಕೋಣೆಯಲ್ಲಿ ಉಳಿದ ಮಕ್ಕಳೆಲ್ಲ ಹೋದ ಮೇಲೆ ಹುಡುಗಿ ಚಾಪೆ ಸುತ್ತುತ್ತಾ ನಿಂತಳು. ಪಿಯುಸಿಗೆ ಯಾವ ವಿಷಯ ತೆಗೆದುಕೊಳ್ಳುತ್ತೀ ಎಂದು ಕಾರ್ಯಕರ್ತೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಸುತ್ತಿದ ಚಾಪೆಯನ್ನೇ ಬಿಚ್ಚಿ ಮತ್ತೆ ಸುತ್ತಿದಳು. ಆಮೇಲೆ, “ಅಕ್ಕೋರ, ಒಂದ್ ಮಾತ್ ಹೇಳ್ತೀನಿ, ಯಾರ ಮುಂದೂ ಹೇಳಬ್ಯಾಡ್ರಿ” ಎಂದಳು. ಕಾರ್ಯಕರ್ತೆ, “ಇಲ್ಲ, ಹೇಳಂಗಿಲ್ಲ, ಹೇಳು” ಎಂದರು. ಹುಡುಗಿ ಹೇಳಿದ್ದು ಇಷ್ಟು: ಅಕ್ಕನ ಜೊತೆ ತನ್ನದೂ ಆಗುತ್ತದೆ, “ಮಾವ ಚಲೋ ಅದಾನ್ರಿ, ಆದ್ರ ಈಗ ಬ್ಯಾಡ”, ಆದರೆ ತನ್ನಿಂದ ಅಕ್ಕನ ಮದುವೆ ನಿಲ್ಲಬಾರದು, ಅವ್ವನಿಗೆ ಪೊಲೀಸರು ಬರಬಾರದು.

ಈ ಪ್ರಕರಣದ ಮೊದಲ ತಪ್ಪು ಆಗಲೇ ಆಗಿಹೋಗಿತ್ತು ಎಂಬುದು ನನ್ನ ಅಭಿಪ್ರಾಯ. ಮಾತು ಕೇಳುವ ಮೊದಲೇ ‘ಹೇಳಂಗಿಲ್ಲ’ ಎಂದು ಭಾಷೆ ಕೊಟ್ಟದ್ದು ಪ್ರೀತಿಯಿಂದ, ಯೋಚಿಸದೆ. ನಮ್ಮಲ್ಲಿ ಹೆಚ್ಚಿನವರು ಹಾಗೆಯೇ ಕೊಡುತ್ತಾರೆ. ಮಗುವಿಗೆ ಅಪಾಯವಿರುವ ಮಾತಾದರೆ ನಾನು ಇನ್ನೊಬ್ಬರಿಗೆ ತಿಳಿಸಬೇಕಾಗುತ್ತದೆ, ಆದರೆ ಯಾರಿಗೆ, ಯಾವಾಗ ಎಂಬುದನ್ನು ನಿನಗೆ ಮೊದಲು ಹೇಳಿಯೇ ತಿಳಿಸುತ್ತೇನೆ ಎಂದು ಆರಂಭದಲ್ಲೇ ಹೇಳಿದ್ದರೆ, ಹುಡುಗಿ ಬಾಯಿ ಬಿಡದೆ ಇರಬಹುದಿತ್ತು ಎಂಬ ಆಕ್ಷೇಪ ನಿಜವೇ. ಆದರೂ ಉಳಿಸಿಕೊಳ್ಳಲಾಗದ ಭಾಷೆಯ ಮೇಲೆ ಪಡೆದ ಗುಟ್ಟು ಸಾಲದ ದುಡ್ಡಿದ್ದಂತೆ. ಅದನ್ನು ತೀರಿಸಿದವಳು ಕೊನೆಗೆ ಹುಡುಗಿಯೇ ಎಂಬುದು ಮುಂದೆ ಗೊತ್ತಾಗುತ್ತದೆ.

ಜೂನ್ 1

ಹುಡುಗಿಗೆ ಎಷ್ಟು ವಯಸ್ಸು? ಕಾನೂನಿಗೆ ಇದೇ ಮೊದಲ ಪ್ರಶ್ನೆ. ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಪ್ರಕಾರ ವಯಸ್ಸಿಗೆ ಮೊದಲು ನೋಡಬೇಕಾದದ್ದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಪರೀಕ್ಷಾ ಮಂಡಳಿಯ ಮೆಟ್ರಿಕ್ ಪ್ರಮಾಣಪತ್ರ. ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಊರಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 01-06-2009 ಎಂದಿತ್ತು. ಅದರ ಮೇಲಿನ ಸಾಲಿನಲ್ಲೂ ಜೂನ್ 1, ಕೆಳಗಿನ ಮೂರು ಸಾಲುಗಳಲ್ಲೂ ಜೂನ್ 1. ಹಳ್ಳಿಯ ಶಾಲೆಗಳ ಹಳೆಯ ದಾಖಲಾತಿ ಪುಸ್ತಕ ತೆರೆದು ನೋಡಿದವರಿಗೆ ಇದು ಹೊಸದಲ್ಲ: ಜನನ ದಾಖಲೆ ತಾರದ ಮಗುವಿಗೆ ಒಂದನೇ ತರಗತಿಗೆ ಸರಿಯಾಗಿ ಆರು ವರ್ಷವಾಗುವಂತೆ ಶಿಕ್ಷಕರು ಒಂದು ದಿನಾಂಕ ಬರೆದುಕೊಳ್ಳುತ್ತಿದ್ದರು.

ತಾಯಿಯ ಲೆಕ್ಕ ಬೇರೆ. “ನೆರಿ ಬಂದ ವರ್ಷ ಹೊಟ್ಟ್ಯಾಗಿದ್ಲು” ಎಂದು ಆಕೆ ಒಮ್ಮೆ ಸಂಘದ ಸಭೆಯಲ್ಲಿ ಹೇಳಿದ್ದು ಕಾರ್ಯಕರ್ತೆಗೆ ನೆನಪಿತ್ತು. ಉತ್ತರ ಕರ್ನಾಟಕದ ಆ ನೆರೆ ಬಂದದ್ದು 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ. ಹಾಗಾದರೆ ಹುಡುಗಿ ಹುಟ್ಟಿದ್ದು 2009ರ ಕೊನೆಗೆ ಅಥವಾ 2010ರಲ್ಲಿ. ಶಾಲೆಯ ಪುಸ್ತಕ ಹೇಳುವುದಕ್ಕಿಂತ ಕೆಲವು ತಿಂಗಳು ಚಿಕ್ಕವಳು. ಇತ್ತ ಮನೆಯವರು ಚಳಿಗಾಲದಲ್ಲೇ ತಿದ್ದಿಸಿಟ್ಟುಕೊಂಡಿದ್ದ ಆಧಾರ್ ಕಾರ್ಡಿನಲ್ಲಿ ಅವಳಿಗೆ ಹದಿನೆಂಟು ತುಂಬಿತ್ತು. ಒಬ್ಬಳೇ ಹುಡುಗಿ, ಮೂರು ವಯಸ್ಸು. ಮನೆಯಲ್ಲಿ ಹೆರಿಗೆಯಾಗಿ, ಪಂಚಾಯಿತಿಯಲ್ಲಿ ಜನನ ನೋಂದಣಿ ಆಗದೆ ಹೋದದ್ದರಿಂದ ಭಾಗ್ಯಲಕ್ಷ್ಮಿ ಬಾಂಡೂ ಅವಳಿಗೆ ಸಿಕ್ಕಿರಲಿಲ್ಲ. ಹದಿನೆಂಟರ ಮೊದಲು ಮದುವೆಯಾದರೆ ಆ ಬಾಂಡಿನ ಹಣ ದಕ್ಕುವುದಿಲ್ಲ. ಬಾಂಡ್ ಇದ್ದಿದ್ದರೆ ತಂದೆಯ ಜೊತೆ ಮಾತಾಡಲು ಕಾರ್ಯಕರ್ತೆಗೆ ಒಂದು ಹಿಡಿಕೆಯಾದರೂ ಇರುತ್ತಿತ್ತು.

ಕಾನೂನು ನಂಬುವುದು ಶಾಲೆಯ ದಿನಾಂಕವನ್ನು. ಅದರಂತೆ ಏಪ್ರಿಲ್ 30ಕ್ಕೆ ಹುಡುಗಿಗೆ ಹದಿನೈದು ವರ್ಷ ಹನ್ನೊಂದು ತಿಂಗಳು. ಹದಿನೆಂಟು ತುಂಬುವುದು 2027ರ ಜೂನ್ 1ಕ್ಕೆ. ನಡುವೆ ಇಪ್ಪತ್ತೈದು ತಿಂಗಳು.

ಕಾನೂನು ಕಾರ್ಯಕರ್ತೆಗೆ ಏನು ಹೇಳುತ್ತದೆ

ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಲ್ಲಿ ಬಂದು 2007ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಮೂಲ ಕಾಯ್ದೆಯ 3ನೇ ಕಲಮಿನಂತೆ ಬಾಲ್ಯವಿವಾಹ ತಾನಾಗಿ ಅಸಿಂಧುವಲ್ಲ. ಮದುವೆಯ ಹೊತ್ತಿಗೆ ಅಪ್ರಾಪ್ತರಾಗಿದ್ದವರು ಬಯಸಿ ನ್ಯಾಯಾಲಯಕ್ಕೆ ಹೋದರೆ ಮಾತ್ರ ರದ್ದಾಗುತ್ತದೆ. ನ್ಯಾಯಮೂರ್ತಿ ಶಿವರಾಜ ಪಾಟೀಲ ಅವರ ಸಮಿತಿ 2011ರಲ್ಲಿ ವರದಿ ಕೊಟ್ಟ ಮೇಲೆ ಕರ್ನಾಟಕದಲ್ಲಿ ನಡೆದ ಚರ್ಚೆಯ ಮುಂದುವರಿಕೆಯಾಗಿ ರಾಜ್ಯ ತನ್ನದೇ ತಿದ್ದುಪಡಿ ತಂದು, ಇಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದಿತು. 2017ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟು ‘ಇಂಡಿಪೆಂಡೆಂಟ್ ಥಾಟ್’ ಪ್ರಕರಣದ ತೀರ್ಪಿನಲ್ಲಿ ಈ ತಿದ್ದುಪಡಿಯನ್ನು ಮೆಚ್ಚಿ ಉಲ್ಲೇಖಿಸಿತು. ಅದೇ ತೀರ್ಪಿನಲ್ಲಿ ಹದಿನೆಂಟರೊಳಗಿನ ಹೆಂಡತಿಯೊಂದಿಗಿನ ಲೈಂಗಿಕ ಸಂಪರ್ಕವೂ ಅತ್ಯಾಚಾರವೇ ಎಂದಿತು.

ಕಾರ್ಯಕರ್ತೆಯ ಮಟ್ಟಿಗೆ ಹೆಚ್ಚು ಚುಚ್ಚುವ ಕಲಮುಗಳು ಬೇರೆ ಎರಡಿವೆ. ನಿಷೇಧ ಕಾಯ್ದೆಯ 11ನೇ ಕಲಮು ಮಗುವಿನ ಹೊಣೆ ಹೊತ್ತವರ ಪಟ್ಟಿಯಲ್ಲಿ ತಂದೆ ತಾಯಿ ಪೋಷಕರ ಜೊತೆ ‘ಸಂಸ್ಥೆಯ ಸದಸ್ಯ’ರನ್ನೂ ಸೇರಿಸುತ್ತದೆ, ಮದುವೆಗೆ ಪ್ರೋತ್ಸಾಹ ಕೊಡುವುದಷ್ಟೇ ಅಲ್ಲ, ನಿರ್ಲಕ್ಷ್ಯದಿಂದ ತಡೆಯದೆ ಇರುವುದು ಮತ್ತು ಅದರಲ್ಲಿ ಹಾಜರಾಗುವುದು ಕೂಡ ಅಪರಾಧ. ವಾರಕ್ಕೆ ಐದು ಸಂಜೆ ಪಾಠ ಹೇಳುವವರನ್ನು ಮಗುವಿನ ಹೊಣೆ ಹೊತ್ತವರು ಎನ್ನಬಹುದೇ ಎಂಬುದು ವಕೀಲರು ಜಗಳವಾಡಬಹುದಾದ ಪ್ರಶ್ನೆ. ಎರಡನೆಯದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಮು: ಅಪರಾಧ ನಡೆದಿದೆ ಎಂದು ತಿಳಿದಾಗ ಮಾತ್ರವಲ್ಲ, ನಡೆಯಬಹುದೆಂಬ ಆತಂಕವಿದ್ದಾಗಲೂ ತಿಳಿಸಬೇಕು. ಅಪರಾಧ ನಡೆದದ್ದು ಗೊತ್ತಿದ್ದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸವಿದೆ. 2017ರ ತೀರ್ಪಿನ ನಂತರ, ಹದಿನೈದರ ಹುಡುಗಿಗೆ ಹದಿಮೂರು ದಿನದಲ್ಲಿ ಮದುವೆ ಎಂದು ಗೊತ್ತಿರುವವರಿಗೆ ಆ ಆತಂಕವಿಲ್ಲ ಎಂದು ವಾದಿಸುವುದು ಕಷ್ಟ.

ಹೀಗಾಗಿ, ‘ತಿಳಿಸಬೇಕೇ ಬೇಡವೇ’ ಎಂಬುದನ್ನು ನೈತಿಕ ಇಕ್ಕಟ್ಟು ಎಂದು ತರಬೇತಿಗಳಲ್ಲಿ ಹಲಗೆಯ ಮೇಲೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಆ ಪ್ರಶ್ನೆಗೆ ಉತ್ತರ ಇದೆ. ಇಕ್ಕಟ್ಟು ಇರುವುದು ಯಾರಿಗೆ, ಯಾವ ದಿನ, ಯಾರ ಮುಂದೆ, ಯಾವ ಮಾತಿನಲ್ಲಿ ಎಂಬಲ್ಲಿ, ಮತ್ತು ತಿಳಿಸಿದವರು ಆ ಮೇಲೆ ಎಷ್ಟು ಕಾಲ ಆ ಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ ಎಂಬಲ್ಲಿ.

ಎಮ್ಮೆಯ ಸಾಲ

ಅಂದು ರಾತ್ರಿ ಕಾರ್ಯಕರ್ತೆಗೆ ನಿದ್ದೆ ಕೆಡಿಸಿದ್ದು ಇನ್ನೊಂದು ಸಂಗತಿ. ಫೆಬ್ರುವರಿಯಲ್ಲಿ ತಾಯಿ ಸಂಘದಿಂದ ನಲವತ್ತು ಸಾವಿರ ಸಾಲ ಪಡೆದಿದ್ದಳು, ಎಮ್ಮೆ ಕೊಳ್ಳಲೆಂದು. ಅರ್ಜಿ ತುಂಬಿದವರು ಕಾರ್ಯಕರ್ತೆಯೇ. ಮಾರ್ಚಿನಲ್ಲಿ ಕಂತು ವಸೂಲಿಗೆ ಹೋದಾಗ ಮನೆಯ ಹಿಂದಿನ ಗೂಟದಲ್ಲಿ ಎಮ್ಮೆ ಇರಲಿಲ್ಲ, ಗೋದಲಿಯಲ್ಲಿ ಮೇವೂ ಇರಲಿಲ್ಲ. ಅವರು ಅದನ್ನು ನೋಡಿದರು, ಕೇಳಲಿಲ್ಲ. ಸಂಘದ ಸಾಲ ಯಾವ ಹೆಸರಿನಲ್ಲಿ ಹೋಗುತ್ತದೆ, ಯಾವ ಕೆಲಸಕ್ಕೆ ಬೀಳುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಕಂತು ಸರಿಯಾಗಿ ಬರುವವರೆಗೆ ಸಂಸ್ಥೆಗಳೂ ಕೇಳುವುದಿಲ್ಲ. ಅಂದರೆ ಹಂದರದ ಗಳಕ್ಕೆ, ಅಡುಗೆಯವರ ಮುಂಗಡಕ್ಕೆ, ಬಹುಶಃ ಎರಡನೇ ಸೀರೆಗೂ ಸಂಸ್ಥೆಯ ದುಡ್ಡೇ ಹೋಗಿತ್ತು.

ಇಲ್ಲಿ ಎರಡು ಪಾತ್ರಗಳು ಒಂದಕ್ಕೊಂದು ತೊಡರಿಕೊಂಡವು. ಸಂಜೆ ಪಾಠದ ಅಕ್ಕೋರಿಗೆ ಹುಡುಗಿ ಗುಟ್ಟು ಹೇಳಿದ್ದಳು. ಸಾಲ ವಸೂಲಿಯ ಅಕ್ಕೋರಿಗೆ ತಾಯಿ ಪ್ರತಿ ತಿಂಗಳು ಹಣ ಎಣಿಸಿ ಕೊಡುತ್ತಿದ್ದಳು. ಮದುವೆಯ ವಿಷಯ ಅಧಿಕಾರಿಗಳಿಗೆ ಮುಟ್ಟಿದರೆ ತಾಯಿ ಸಂಘ ಬಿಡುತ್ತಾಳೆ, ಅವಳ ಹಿಂದೆ ಆ ಓಣಿಯ ಇನ್ನಷ್ಟು ಜನ ಬಿಡುತ್ತಾರೆ, ಅವರ ಹೆಣ್ಣುಮಕ್ಕಳು ಪಾಠಕ್ಕೆ ಬರುವುದು ನಿಲ್ಲುತ್ತದೆ, ಮುಂದಿನ ಮದುವೆಯ ಸುದ್ದಿ ಯಾರೂ ಹೇಳುವುದಿಲ್ಲ. ಸಂಸ್ಥೆಯ ಮೇಲ್ವಿಚಾರಕರು ಮರುದಿನ ಫೋನಿನಲ್ಲಿ ಹೇಳಿದ್ದೂ ಇದನ್ನೇ. ಅದು ಹೇಡಿತನದ ಮಾತೆಂದು ನಾನು ತಳ್ಳಿಹಾಕುವುದಿಲ್ಲ. ಒಬ್ಬ ಹುಡುಗಿಯ ಎದುರಿಗೆ ಇಪ್ಪತ್ತು ಹುಡುಗಿಯರನ್ನು ತೂಗುವ ವಾದ ಕ್ಷೇತ್ರದಲ್ಲಿ ಇರುವವರಿಗೆ ನಿಜವಾಗಿ ಎದುರಾಗುತ್ತದೆ. ಆದರೆ ಆ ತಕ್ಕಡಿಯಲ್ಲಿ ಒಂದು ಕಡೆಗೆ ಸಂಸ್ಥೆಯ ಸಾಲದ ಬಾಕಿಯೂ ಸದ್ದಿಲ್ಲದೆ ಕುಳಿತಿರುತ್ತದೆ ಎಂಬುದನ್ನು ಅದೇ ಫೋನಿನಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು.

ಇನ್ನೊಂದು ಭಯವಿತ್ತು, ಅದನ್ನು ಅವರು ಯಾರ ಬಳಿಯೂ ಆಡಲಿಲ್ಲ. 1992ರಲ್ಲಿ ರಾಜಸ್ಥಾನದ ಭಟೇರಿಯಲ್ಲಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ‘ಸಾಥಿನ್’, ಅಂದರೆ ಹಳ್ಳಿಯ ಕಾರ್ಯಕರ್ತೆ, ಆಗಿದ್ದ ಭಂವರಿ ದೇವಿ ಒಂದು ಹಸುಗೂಸಿನ ಮದುವೆ ತಡೆಯಲು ಹೋಗಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಆ ಆರೋಪದಿಂದ ಬಿಟ್ಟಿತು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಕೊಟ್ಟ 1997ರ ವಿಶಾಖಾ ತೀರ್ಪು ಆ ಘಟನೆಯಿಂದಲೇ ಹುಟ್ಟಿದ್ದು. ಬಾಲ್ಯವಿವಾಹ ತಡೆಯುವವಳಿಗೂ ಅದೇ ಊರುಗಳ ನಡುವೆ ಮುಸ್ಸಂಜೆಯಲ್ಲಿ ಸ್ಕೂಟಿ ಓಡಿಸಬೇಕಾದ ಬದುಕಿದೆ ಎಂಬ ಮಾತು ನಮ್ಮ ಯೋಜನಾ ದಾಖಲೆಗಳಲ್ಲಿ ಒಂದು ಸಾಲಿನಷ್ಟೂ ಜಾಗ ಪಡೆಯುವುದಿಲ್ಲ.

ನಾಲ್ಕು ದಿನ

ಏಪ್ರಿಲ್ 18 ಗುಡ್ ಫ್ರೈಡೆಯ ರಜೆ, ಆಮೇಲೆ ಶನಿವಾರ, ಭಾನುವಾರ. ಕಚೇರಿಗಳು ಮುಚ್ಚಿದ್ದವು ಎಂದು ಕಾರ್ಯಕರ್ತೆ ನಂತರ ತಮ್ಮ ಟಿಪ್ಪಣಿಯಲ್ಲಿ ಬರೆದರು. ಮಕ್ಕಳ ಸಹಾಯವಾಣಿ 1098 ಹಗಲಿರುಳು ತೆರೆದೇ ಇರುತ್ತದೆ. ಅದು ಅವರಿಗೂ ಗೊತ್ತಿತ್ತು. ಆ ನಾಲ್ಕು ದಿನ ಅವರು ಮಾಡಿದ್ದೇನೆಂದರೆ, ಮೊದಲು ಹುಡುಗಿಯ ಬಳಿ ಮತ್ತೆ ಹೋಗಿ, ತಾನು ಕೊಟ್ಟ ಭಾಷೆಯನ್ನು ಉಳಿಸಿಕೊಳ್ಳಲಾಗದು ಎಂದು ಒಪ್ಪಿಕೊಂಡರು. ಹುಡುಗಿ ಅತ್ತಳು, ಸಿಟ್ಟಾದಳು, ಕೊನೆಗೆ ಎರಡು ಶರತ್ತು ಹಾಕಿದಳು: ಮದುವೆಯ ದಿನ ಯಾರೂ ಬರಬಾರದು, ತಾನು ಹೇಳಿದ್ದೆಂದು ಯಾರಿಗೂ ತಿಳಿಯಬಾರದು. ಹದಿನೈದರ ಹುಡುಗಿ ಹಾಕಿದ ಈ ಶರತ್ತುಗಳು ಹಲವು ಅಧಿಕಾರಿಗಳ ಕಾರ್ಯಯೋಜನೆಗಿಂತ ಚೆನ್ನಾಗಿದ್ದವು.

ಆಮೇಲೆ ತಾಯಿಯ ಬಳಿ ಹೋದರು. ಸುದ್ದಿ ಎಲ್ಲಿಂದ ಬಂತೆಂದು ಹೇಳದೆ, ಒಂದೇ ಹಂದರದಲ್ಲಿ ಎರಡು ಮದುವೆ ಮಾಡುವವರ ಬಗ್ಗೆ ಸಾಮಾನ್ಯವಾಗಿ ಮಾತು ತೆಗೆದರು. ತಾಯಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡದೆ ಕೇಳಿದಳು: “ಅತ್ತಿ ನೆಲಾ ಹಿಡದಾಳ್ರಿ. ನಾವು ಗುಳೇ ಹೋದ್ರ ಇಕೀನ ಯಾರ ಕೈಯಾಗ ಬಿಟ್ಟು ಹೋಗ್ಲಿ? ನೀವು ಇಟ್ಗೊಂತೀರೇನ್ರಿ ಅಕ್ಕೋರ?” ಕಾರ್ಯಕರ್ತೆಯ ಬಳಿ ಉತ್ತರವಿರಲಿಲ್ಲ. ಕಾನೂನಿನ ಬಗ್ಗೆ ಹೇಳತೊಡಗಿದರು. ತಾಯಿ ಮೊರ ಕೇರುವ ಸದ್ದಿನಲ್ಲಿ ಅದು ಕೇಳಿಸಿತೋ ಇಲ್ಲವೋ.

ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವ ನೆಪವೆಂದು ಓದುವವರಿದ್ದಾರೆ. ನನಗೆ ಅದು ಇಡೀ ಪ್ರಕರಣದ ಅತ್ಯಂತ ಖಚಿತವಾದ ಪ್ರಶ್ನೆ ಎನ್ನಿಸುತ್ತದೆ. ಆ ಮನೆಯಲ್ಲಿ ಮದುವೆಯೆಂದರೆ ಅಕ್ಟೋಬರಿನಿಂದ ಮಾರ್ಚಿನವರೆಗೆ ವಯಸ್ಸಿಗೆ ಬಂದ ಹುಡುಗಿ ರಾತ್ರಿ ಎಲ್ಲಿ ಮಲಗಬೇಕು ಎಂಬ ಸಮಸ್ಯೆಗೆ ಸಿಕ್ಕ ಪರಿಹಾರ. ಮದುವೆ ನಿಲ್ಲಿಸುವವರು ಆ ಸಮಸ್ಯೆಯನ್ನು ಮಾತ್ರ ಅಲ್ಲಿಯೇ ಬಿಟ್ಟು ಬರುತ್ತಾರೆ.

ನಾಲ್ಕು ದಿನ ತಡ ಮಾಡಿದ್ದು ಸರಿಯೇ? ಹುಡುಗಿಯ ಬಳಿ ಹೋಗಿ ಒಪ್ಪಿಕೊಂಡದ್ದು ಬಹಳ ಸರಿ; ಅದಕ್ಕೆ ಒಂದು ದಿನ ಸಾಕಿತ್ತು. ತಾಯಿಯ ಬಳಿ ಸುಳಿವು ಬಿಟ್ಟುಕೊಟ್ಟು ಮತ್ತೆರಡು ದಿನ ಕಾದದ್ದು ಅಪಾಯದ ಆಟ, ಏಕೆಂದರೆ ಸುಳಿವು ಹತ್ತಿದ ಮನೆಯವರು ಮುಹೂರ್ತವನ್ನೇ ಹಿಂದಕ್ಕೆ ಎಳೆದು ರಾತ್ರೋರಾತ್ರಿ ಗುಡಿಯಲ್ಲಿ ತಾಳಿ ಕಟ್ಟಿಸುವುದುಂಟು. ರಾಯಚೂರಿಗೆ ಇದರಲ್ಲಿ ಇನ್ನೊಂದು ತಿರುವಿದೆ. ನದಿ ದಾಟಿದರೆ ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಆಂಧ್ರ. ಕರ್ನಾಟಕದ ತಿದ್ದುಪಡಿ ಆ ದಡದಲ್ಲಿ ಇಲ್ಲ. ಇಲ್ಲಿ ಹುಟ್ಟಿನಿಂದಲೇ ಅಸಿಂಧುವಾಗುವ ಮದುವೆ ಅಲ್ಲಿ ನಡೆದರೆ, ಹುಡುಗಿ ತಾನಾಗಿ ಕೋರ್ಟು ಹತ್ತುವವರೆಗೆ ಮೂಲ ಕಾಯ್ದೆಯಂತೆ ನಿಂತೇ ಇರುತ್ತದೆ. ಅವಸರದಲ್ಲಿ ಬೆದರಿಸಿದ ಮನೆಯವರನ್ನು ಆ ದಡಕ್ಕೆ ನೂಕಿದಂತಾಗುತ್ತದೆ.

ತಡೆದ ದಿನ

ಏಪ್ರಿಲ್ 21ರಂದು ಕಾರ್ಯಕರ್ತೆ ತಾಲ್ಲೂಕಿನ ಬಾಲ್ಯವಿವಾಹ ನಿಷೇಧಾಧಿಕಾರಿಗೆ ಲಿಖಿತವಾಗಿ ತಿಳಿಸಿದರು. ಜೊತೆಗೆ ಮೂರು ಕೋರಿಕೆ ಇಟ್ಟರು: ಹಂದರ ಹಾಕುವ ಮೊದಲೇ ಭೇಟಿಯಾಗಬೇಕು, ಸುದ್ದಿಯ ಮೂಲ ಹೇಳಬಾರದು, ಹಿರಿಯಳ ಮದುವೆಗೆ ಅಡ್ಡಿಯಾಗಬಾರದು. ಅಗತ್ಯವೆನಿಸಿದರೆ 13ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಂದ ಪ್ರತಿಬಂಧಕಾಜ್ಞೆ ತರುವ ದಾರಿಯಿತ್ತು. ಅದನ್ನು ಮೀರಿ ನಡೆದ ಮದುವೆ ಯಾವ ರಾಜ್ಯದಲ್ಲಾದರೂ ಅಸಿಂಧು. ಗಡಿ ಜಿಲ್ಲೆಯಲ್ಲಿ ಇದು ಬಹಳ ಬೆಲೆಯುಳ್ಳ ಕಲಮು, ಬಳಕೆ ಮಾತ್ರ ಕಡಿಮೆ. ಈ ಪ್ರಕರಣದಲ್ಲಿಯೂ ಅದನ್ನು ಬಳಸಲಿಲ್ಲ. ಮುಚ್ಚಳಿಕೆ ಪತ್ರ ಸಾಕೆಂದುಕೊಂಡರು.

24ರಂದು ಅಧಿಕಾರಿಗಳ ತಂಡ ಮನೆಗೆ ಬಂತು. ಪೊಲೀಸ್ ಪೇದೆ ಸಮವಸ್ತ್ರದಲ್ಲಿ ಇರಲಿಲ್ಲ, ಜೀಪು ಓಣಿಯ ಹೊರಗೇ ನಿಂತಿತ್ತು. ಅಷ್ಟರಮಟ್ಟಿಗೆ ಕೋರಿಕೆಗೆ ಬೆಲೆ ಸಿಕ್ಕಿತು. ತಂದೆ ಆಧಾರ್ ಕಾರ್ಡ್ ತಂದು ತೋರಿಸಿದ; ಅವರು ಶಾಲೆಯ ದಾಖಲೆಯ ಪ್ರತಿ ತೋರಿಸಿದರು. ಮುಕ್ಕಾಲು ಗಂಟೆಯ ಮಾತಿನ ನಂತರ ಹದಿನೆಂಟು ತುಂಬುವವರೆಗೆ ಮಗಳ ಮದುವೆ ಮಾಡುವುದಿಲ್ಲ ಎಂಬ ಮುಚ್ಚಳಿಕೆಗೆ ತಂದೆ ಸಹಿ ಹಾಕಿದ, ತಾಯಿ ಹೆಬ್ಬೆಟ್ಟು ಒತ್ತಿದಳು. ಎಲ್ಲ ಮುಗಿದು ಏಳುವ ಹೊತ್ತಿಗೆ ತಂಡದವರಲ್ಲಿ ಒಬ್ಬರು, ತಾಯಿಗೆ ಬುದ್ಧಿ ಹೇಳುವ ಉತ್ಸಾಹದಲ್ಲಿ, “ನಿನ್ನ ಮಗಳಿಗೆ ಇರೋ ತಿಳುವಳಿಕೆ ನಿನಗಿಲ್ಲ ನೋಡವ್ವಾ” ಎಂದುಬಿಟ್ಟರು.

ಆ ಒಂದು ಮಾತು ಸಾಕಾಯಿತು. ಅಂದಿನಿಂದ ಮೂರು ವಾರ ತಾಯಿ ಮಗಳ ಜೊತೆ ಮಾತಾಡಲಿಲ್ಲ. ತಟ್ಟೆಗೆ ಬಡಿಸಿ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಆಡಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಮಗುವಿನ ಗುರುತು ಬಹಿರಂಗಪಡಿಸಬಾರದೆಂದು ಬಾಲನ್ಯಾಯ ಕಾಯ್ದೆಯ 74ನೇ ಕಲಮು ಮಾಧ್ಯಮಗಳಿಗೆ ಹೇಳುತ್ತದೆ. ಮಗುವಿನ ಗುಟ್ಟನ್ನು ಅದರ ತಾಯಿಯಿಂದ ಕಾಪಾಡುವುದು ಹೇಗೆಂಬುದನ್ನು ಯಾವ ಕಲಮೂ ಹೇಳುವುದಿಲ್ಲ, ಅದು ನುರಿತ ನಾಲಿಗೆಯ ಕೆಲಸ.

ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೇ ಎಂಬ ಚರ್ಚೆಯೂ ನಡೆಯಿತು. ಮದುವೆಯ ಅಂಚಿನಲ್ಲಿರುವ ಮಗು ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗು ಎಂದು ಅದೇ ಕಾಯ್ದೆ ಹೇಳುತ್ತದೆ. ಬಾಲಮಂದಿರಕ್ಕೆ ಕಳಿಸಿದ್ದರೆ ಮದುವೆ ಖಂಡಿತ ನಿಲ್ಲುತ್ತಿತ್ತು, ಊರಿನ ಬಾಯಲ್ಲಿ ಹುಡುಗಿ ‘ಪೊಲೀಸರು ಒಯ್ದವಳು’ ಆಗುತ್ತಿದ್ದಳು. ಕೊನೆಗೆ ತಾಯಿ ತಂದೆಯ ಜೊತೆಗೇ ಸಮಿತಿಯ ಮುಂದೆ ಹಾಜರಾಗಿ, ಅವರ ವಶದಲ್ಲೇ ಉಳಿದಳು. ಇದು ಸರಿಯಾದ ತೀರ್ಮಾನವೆಂದೇ ನಾನು ಈಗಲೂ ತಿಳಿದಿದ್ದೇನೆ, ಮುಂದೆ ಆದದ್ದು ಗೊತ್ತಿದ್ದೂ.

ಏಪ್ರಿಲ್ 30ರಂದು ಹಿರಿಯಳ ಮದುವೆ ನಡೆಯಿತು. ಕಾರ್ಯಕರ್ತೆಗೆ ಕರೆಯೋಲೆ ಮೊದಲೇ ಬಂದಿತ್ತು. ಹೋಗಬೇಕೋ ಬೇಡವೋ ಎಂದು ಅವರು ಬಹಳ ತೂಗಿದರು. ಮನೆಯವರು ಮಾತು ಮುರಿದರೆ ಬಾಲ್ಯವಿವಾಹದಲ್ಲಿ ಹಾಜರಿದ್ದ ಅಪರಾಧ ತಮ್ಮ ತಲೆಗೇ ಬರುತ್ತದೆ. ಹೋಗದಿದ್ದರೆ ಚಾಡಿ ಹೇಳಿದವರು ಯಾರೆಂದು ತಾವೇ ಸಾರಿದಂತೆ. ಹೋದರು. ಊಟಕ್ಕೆ ಕುಳಿತಾಗ ಅವರ ಎಲೆಗೆ ಹೋಳಿಗೆ ಬಡಿಸಿದವನು ಅದೇ ಸೋದರಮಾವ.

ಇಪ್ಪತ್ತೈದು ತಿಂಗಳು

ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಹುಡುಗಿ ಗಣಿತದಲ್ಲಿ ನಪಾಸಾಗಿದ್ದಳು. ಓಣಿಯಲ್ಲಿ ನಕ್ಕವರಿದ್ದರು. ಸಂಸ್ಥೆ ಇಲ್ಲಿ ಒಳ್ಳೆಯ ಕೆಲಸ ಮಾಡಿತು: ಮೇ ಕೊನೆಯಲ್ಲಿ ಶುರುವಾದ ಪರೀಕ್ಷೆ-2ಕ್ಕೆ ದಿನವೂ ಎರಡು ತಾಸು ಗಣಿತ ಹೇಳಿಕೊಟ್ಟರು, ಹುಡುಗಿ ಪಾಸಾದಳು, ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿಪೂರ್ವ ಕಾಲೇಜಿಗೆ ಸೇರಿದಳು, ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಕ್ಕಿತು. ತಾಯಿಯ ಪ್ರಶ್ನೆಗೆ ಅಕ್ಟೋಬರಿನವರೆಗೆ ಒಂದು ಉತ್ತರ ದೊರೆತಂತಾಯಿತು.

ಸಂಸ್ಥೆಯ ವಾರ್ಷಿಕ ವರದಿಯ ನಮೂನೆಯಲ್ಲಿ ‘ತಡೆಯಲಾದ ಬಾಲ್ಯವಿವಾಹಗಳ ಸಂಖ್ಯೆ’ ಎಂಬ ಅಂಕಣವಿದೆ. ಅದರಲ್ಲಿ ಈ ಮನೆ ಒಂದು ಅಂಕೆಯಾಗಿ ಸೇರಿತು. ಕಾರ್ಯಕರ್ತೆ ಷರಾ ಜಾಗದಲ್ಲಿ ‘01-06-2027ರವರೆಗೆ ಮುಂದೂಡಲಾಗಿದೆ’ ಎಂದು ಬರೆದಿದ್ದರು. ನಮೂನೆಗೆ ಹೊಂದುವುದಿಲ್ಲವೆಂದು ಮೇ ತಿಂಗಳ ಪರಿಶೀಲನೆಯಲ್ಲಿ ಅದನ್ನು ತೆಗೆದರು. ಅಂಕಿಗಳ ಬಗ್ಗೆ ಒಂದು ಮಾತು ಹೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ 20ರಿಂದ 24 ವರ್ಷದ ಹೆಂಗಸರಲ್ಲಿ ಹದಿನೆಂಟರೊಳಗೆ ಮದುವೆಯಾದವರು ಶೇ. 21.4, ಐದನೇ ಸುತ್ತಿನಲ್ಲಿ (2019-21) ಶೇ. 21.3. ಕಾನೂನು ಬಿಗಿಯಾದರೂ ಏನೂ ಬದಲಾಗಿಲ್ಲ ಎಂದು ಇದನ್ನು ಓದುವುದು ಅವಸರದ ಓದು, ಏಕೆಂದರೆ ಆ ಸುತ್ತಿನಲ್ಲಿ ಎಣಿಕೆಗೆ ಬಂದವರಲ್ಲಿ ಬಹಳಷ್ಟು ಮಂದಿ ತಿದ್ದುಪಡಿ ಬರುವ ಮೊದಲೇ ಹದಿನೆಂಟು ದಾಟಿದ್ದರು. ಅದೇ ರೀತಿ, ತಡೆದ ಮದುವೆಗಳ ಸಂಖ್ಯೆ ಏರಿತೆಂದು ಬೀಗುವುದೂ ಅವಸರವೇ. ತಡೆದ ಮರುವರ್ಷ ಆ ಮನೆಗಳಲ್ಲಿ ಏನಾಯಿತೆಂದು ಆ ಅಂಕಣ ಕೇಳುವುದಿಲ್ಲ.

ದಸರಾ ರಜೆಗೆ ವಿದ್ಯಾರ್ಥಿನಿಲಯದಿಂದ ಮಕ್ಕಳು ಮನೆಗೆ ಹೋದರು. ಹುಡುಗಿ ಊರಿಗೆ ಬಂದಳು. ಅಜ್ಜಿ ಶ್ರಾವಣದಲ್ಲೇ ತೀರಿಕೊಂಡಿದ್ದಳು; ಆ ವರ್ಷ ತೊಗರಿಯೂ ನಿಂತ ನೀರಿನಲ್ಲಿ ಕೊಳೆತಿತ್ತು. ಮನೆಮಂದಿಯೆಲ್ಲ ಗುಳೆ ಹೊರಟಾಗ ತಮ್ಮಂದಿರನ್ನು ನೋಡಿಕೊಳ್ಳಲೆಂದು ಅವಳನ್ನೂ ಕರೆದುಕೊಂಡು ಹೋದರು. ರಜೆ ಮುಗಿದ ಮೇಲೆ ಅವಳು ಹಾಸ್ಟೆಲಿಗೆ ಮರಳಲಿಲ್ಲ. ಸೋದರಮಾವ ಕೆಲಸ ಮಾಡುವುದೂ ಅದೇ ಮೇಸ್ತ್ರಿಯ ಕೆಳಗೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಎರಡು ತಿಂಗಳ ನಂತರ ಅದೇ ಶೆಡ್ಡುಗಳಿಂದ ಬಂದ ಹೆಂಗಸೊಬ್ಬಳು ಸಂಘದ ಸಭೆಯಲ್ಲಿ, ಆ ಹುಡುಗಿಯ ಕಾಲಿನಲ್ಲಿ ಕಾಲುಂಗುರ ಕಂಡೆನೆಂದಳು. ಇನ್ನೊಬ್ಬಳು ಅಲ್ಲವೇ ಅಲ್ಲ, ಅದು ಅಕ್ಕನದು, ಅಕ್ಕನೂ ಅಲ್ಲೇ ಇದ್ದಾಳೆ ಎಂದಳು.

ಹೀಗೆ ಕೇಳಿದ ಮಾತಿನ ಮೇಲೆ ಮತ್ತೆ ತಿಳಿಸಬೇಕೇ? ಸಂಸ್ಥೆಯಲ್ಲಿ ಎರಡು ಅಭಿಪ್ರಾಯವಾಯಿತು. ಮದುವೆ ನಡೆದದ್ದೇ ನಿಜವಾದರೆ ಈಗ ತಿಳಿಸುವುದು ಏಪ್ರಿಲಿನಲ್ಲಿ ತಿಳಿಸಿದಂತಲ್ಲ. ಇದರಲ್ಲಿ ಸೋದರಮಾವ ಪೋಕ್ಸೊ ಆರೋಪಿಯಾಗುತ್ತಾನೆ, ತಂದೆ ಮುಚ್ಚಳಿಕೆ ಮುರಿದವನಾಗುತ್ತಾನೆ, ಮತ್ತೆ ಎಲ್ಲರ ಕಣ್ಣು ‘ತಿಳುವಳಿಕೆ ಇರುವ’ ಮಗಳ ಕಡೆ ತಿರುಗುತ್ತದೆ. ನಡೆದಿಲ್ಲವಾದರೆ, ತಮ್ಮಂದಿರನ್ನು ನೋಡಿಕೊಳ್ಳಲು ಹೋದ ಹುಡುಗಿಯ ಶೆಡ್ಡಿನ ಬಾಗಿಲಿಗೆ ಪೊಲೀಸರನ್ನು ಕಳಿಸಿದಂತೆ. ತಿಳಿಸದೆ ಉಳಿದರೆ ಏಪ್ರಿಲಿನಲ್ಲಿ ಅವಳಿಂದ ವಸೂಲಿ ಮಾಡಿದ ಬೆಲೆಯೆಲ್ಲ ವ್ಯರ್ಥ. ನನ್ನನ್ನು ಕೇಳಿದಾಗ ತಿಳಿಸಿ ಎಂದೆ, ಆದರೆ ಮದುವೆಯಾಗಿದೆ ಎಂದು ಬರೆಯಬೇಡಿ; ಮುಚ್ಚಳಿಕೆಯಿರುವ ಮಗು ಕಾಲೇಜು ಬಿಟ್ಟು ಬೆಂಗಳೂರಿನಲ್ಲಿದೆ, ಅನುಸರಣಾ ಭೇಟಿ ಬೇಕು, ಹೆಣ್ಣುಮಗಳೊಬ್ಬಳು ಹೋಗಿ ಅವಳೊಬ್ಬಳನ್ನೇ ಕೂರಿಸಿ ಮಾತಾಡಬೇಕು ಎಂದಷ್ಟೇ ಬರೆಯಿರಿ ಎಂದೆ. ಈ ಸಲಹೆ ಕೂಡ ಪೂರ್ತಿ ಸರಿಯೆಂಬ ಭರವಸೆ ನನಗಿಲ್ಲ.

ಆ ಪತ್ರ ಇನ್ನೂ ಕರಡಿನಲ್ಲಿ ಇರುವಾಗ ಒಂದು ಸಂಜೆ ತಂದೆಯ ನಂಬರಿನಿಂದ ಕಾರ್ಯಕರ್ತೆಗೆ ಫೋನು ಬಂತು. ಹುಡುಗಿಯೇ. ಹಿಂದೆ ಕಾಂಕ್ರೀಟ್ ಯಂತ್ರದ ಸದ್ದು. “ಅಕ್ಕೋರ, ಪರೀಕ್ಷಾ ಫೀ ಕಟ್ಟಾಕ ಕಡೀ ದಿನ ಯಾವುದ್ರಿ?” ಎಂದಳು. ಕಾರ್ಯಕರ್ತೆ ದಿನ ಹೇಳಿ, ಅಲ್ಲಿ ಹೇಗಿದ್ದೀ ಎಂದು ಕೇಳುವಷ್ಟರಲ್ಲಿ ಯಾರೋ ಕರೆದ ದನಿ ಕೇಳಿ, ಫೋನು ಕಟ್ಟಾಯಿತು. ಮರುದಿನ ಅವರು ಕಾಲೇಜಿಗೆ ಹೋಗಿ ತಮ್ಮ ಕೈಯಿಂದಲೇ ಫೀ ಕಟ್ಟಿ, ಹಾಜರಾತಿ ಕೊರತೆಯ ಬಗ್ಗೆ ಪ್ರಾಂಶುಪಾಲರ ಬಳಿ ಅರ್ಧ ತಾಸು ಮಾತಾಡಿ, ರಸೀದಿಯನ್ನು ಚೀಲದಲ್ಲಿ ಇಟ್ಟುಕೊಂಡು, ಅಲ್ಲಿಂದ ನೇರವಾಗಿ ಅಂಚೆ ಕಚೇರಿಗೆ ಹೋಗಿ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕಳಿಸಿದರು.